ಕಾಕಾ ತಂದ ಮಣ್ಣು

ಕಾಕಾ ಮಣ್ಣು ತಂದದ್ದು ಗೊಬ್ಬರದ ಚೀಲದಲ್ಲೋ, ಹಳೆಯ ಸೀರೆಯ ಗಂಟಿನಲ್ಲೋ, ನನಗೆ ಖಾತ್ರಿಯಿಲ್ಲ. ಬರೆಯಲು ಕೂತಾಗಲೆಲ್ಲ ಬೇರೆ ಬೇರೆಯಾಗಿ ನೆನಪಾಗುತ್ತದೆ. ಕಾಕಿಯೂ ಜೊತೆಗೆ ಬಂದಿದ್ದಳು, ಅದು ಮಾತ್ರ ನಿಜ.

ಚಿಕ್ಕೋಡಿಯ ಇಂಜಿನಿಯರಿಂಗ್ ಕಾಲೇಜೊಂದರ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ. ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವರು ಯಡೂರಿನ ಈ ಕಾಕಾ, ಕಾಕಿ. ಕಬ್ಬಿನ ಹೊಲದ ಬದಿಗೆ ಮನೆ ಕಟ್ಟಲು ಹೊರಟಿದ್ದರು. ಪಾಯದ ಗುಂಡಿಯ ತಳದಿಂದ ಮಣ್ಣು ತರಲು ಫೋನಿನಲ್ಲಿ ಹೇಳಿದ್ದೆ. ಹೇಳಿದ್ದೆನೇ, ಬರೀ ಮಣ್ಣು ಎಂದಿದ್ದೆನೇ?

"ನೆರಳಾಗ ಒಣಗಿಸೇನಿ ನೋಡವಾ," ಎಂದ ಕಾಕಾ.

ಜರಡಿ ಹಿಡಿಯುವಾಗ ಕೂದಲಿನಂಥ ಬೇರುಗಳು ಸಿಕ್ಕವು. ಹೆಕ್ಕಿ ಎಸೆದೆ. ನೀರು ಹಾಕಿ ಕಲಸಿ, ಹಿತ್ತಾಳೆಯ ಬಟ್ಟಲಲ್ಲಿ ಹರಡಿ, ನಡುವೆ ಗೀರು ಎಳೆದು, ಯಂತ್ರದ ಹಿಡಿಕೆ ತಿರುಗಿಸಿ ಬಟ್ಟಲನ್ನು ಕುಟ್ಟಿಸಿದೆ. ಎಷ್ಟು ಪೆಟ್ಟಿಗೆ ಗೀರು ಕೂಡುತ್ತದೆಂದು ಎಣಿಸಿದೆ. ಆಮೇಲೆ ಗಾಜಿನ ಮೇಲೆ ಅಂಗೈಯಿಂದ ಮಣ್ಣನ್ನು ಎಳೆಯಾಗಿ ಹೊಸೆದೆ. ಎಳೆ ಮೂರು ಮಿಲಿಮೀಟರಿಗೆ ಇಳಿದು ಬಿರಿಯುವಾಗ ಅದರಲ್ಲಿ ಎಷ್ಟು ನೀರಿದೆ ಎಂಬುದೇ ಪರೀಕ್ಷೆ.

"ಶಾವಿಗಿ ಹೊಸ್ಯಾಕ ಇಷ್ಟ ವರ್ಷ ಸಾಲಿ ಕಲತಿ ಏನ ಬೇ? ನಾ ಒಂದ ದಿನದಾಗ ಕಲಿಸ್ತಿದ್ನಲ್ಲ!" ಕಾಕಿ ನಕ್ಕು ತಾನೂ ಒಂದು ಎಳೆ ಹೊಸೆದಳು. ನನ್ನದಕ್ಕಿಂತ ಒಪ್ಪವಾಗಿತ್ತು.

ಗೀರು ಕೂಡುವಾಗಿನ ನೀರು, ಎಳೆ ಬಿರಿಯುವಾಗಿನ ನೀರು, ಈ ಎರಡು ಅಂಕಿಗಳ ನಡುವೆ ಅಂತರ ಕಡಿಮೆ ಬಂತು. ಈ ಮಣ್ಣು ಹೆಚ್ಚು ಉಬ್ಬುವುದಿಲ್ಲ, ಸಾದಾ ಪಾಯ ಸಾಕು ಎಂದೆ.

ಮನೆ ಕಟ್ಟಿದ ಎರಡನೆಯ ಮಳೆಗಾಲದಲ್ಲಿ ಅಡುಗೆಮನೆಯ ಗೋಡೆ ಬಿತ್ತು. ಒಳಗೆ ಕಾಕಿ ಇದ್ದಳು.

ಮಣ್ಣು ಮಾಡಿ ಬಂದ ಮೇಲೆ, ಬಿದ್ದ ಗೋಡೆಯ ಬುಡದಿಂದ ನೀರು ಕುಡಿದು ಉಬ್ಬುವ ಎರಿಮಣ್ಣು ಒಂದು ಚಿಟಿಕೆ ತೆಗೆದು ಬೆರಳಲ್ಲಿ ಹೊಸೆದೆ. ಎಳೆ ತೆಳ್ಳಗಾಗುತ್ತಲೇ ಹೋಯಿತು, ಬಿರಿಯಲಿಲ್ಲ. ನಾನು ಪರೀಕ್ಷಿಸಿದ್ದು ಈ ಮಣ್ಣನ್ನಲ್ಲ. ಕಬ್ಬಿಗೆ ಯಾವ ಗೊಬ್ಬರ ಬೇಕೆಂದು ತಿಳಿಯಲು ಕಾಕಾ ಪ್ರತಿ ವರ್ಷ ಹೊಲದ ನಾಲ್ಕೂ ಮೂಲೆಯ ಮೇಲ್ಮಣ್ಣು ಕೂಡಿಸಿ, ನೆರಳಲ್ಲಿ ಒಣಗಿಸಿ ಕೃಷಿ ಇಲಾಖೆಗೆ ಒಯ್ಯುತ್ತಿದ್ದ; ನನಗೂ ಅದನ್ನೇ ತಂದಿರಬೇಕು. ಆ ಮೇಲ್ಮಣ್ಣಿನಲ್ಲಿ ಹೊಳಿ ತಂದ, ಉಬ್ಬದ ಉಸುಕು ಇರುತ್ತದೆ, ಬೇರೂ ಇರುತ್ತವೆ. ಬೇರು ಕಂಡಾಗಲೇ ಕೇಳಬೇಕಿತ್ತು. ಅಥವಾ ಬೇರು ಕಂಡದ್ದೂ ನಾನು ಈಗ ಸೇರಿಸಿಕೊಂಡ ನೆನಪೋ? ಅವನು ಗುಂಡಿಯದನ್ನೇ ತಂದಿದ್ದರೆ ಅಂಕಿ ಕೆಡಿಸಿದವಳು ನಾನೇ.

ಕೇಳಬಾರದಿತ್ತು, ಕೇಳಿದೆ. ಕಾಕಾ ಎಮ್ಮೆಯ ಹಗ್ಗ ಬಿಚ್ಚುತ್ತಿದ್ದವನು ಮತ್ತೆ ಕಟ್ಟಿದ.

"ಕಾಕಾ, ಅವತ್ತ ಮಣ್ಣ ಎಲ್ಲಿಂದ ತಂದಿದ್ದಿ?"