ಗುರುಗಳದಲ್ಲದ ಹಾಡು

ಸತ್ತಿ ಊರಿನ ರಾಯಪ್ಪ ಮಾಸ್ತರರು ಆ ಪುಸ್ತಕವನ್ನು ಎರಡೇ ಬೆರಳಿನಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಎತ್ತಿ ತೋರಿಸುತ್ತಿದ್ದರು. "ಕಳ್ಳ ಪುಸ್ತಕರಿ ಇದು" ಎನ್ನುವರು. ಆದರೂ ಅದರ ಪ್ರತಿಯೊಂದು ಪುಟವೂ ಅವರಿಗೆ ಬಾಯಿಪಾಠವಾಗಿತ್ತು.

ಮಾಸ್ತರರು ದೊಡ್ಡಾಟ ಕಲಿಸುವವರು. ಅವರ ಗುರುಗಳು ಕಟ್ಟಿದ ಆಟವನ್ನು, ಮಾಸ್ತರರ ಹರೆಯದಲ್ಲಿ, ನಿಪ್ಪಾಣಿಯ ಮುದ್ರಕನೊಬ್ಬ ಯಾರನ್ನೂ ಕೇಳದೆ ಅಚ್ಚುಹಾಕಿಬಿಟ್ಟ. ಬೇಗ ಬರೆಯಬಲ್ಲ ಒಬ್ಬನನ್ನು ರಂಗದ ಮುಂದೆ ಕೂರಿಸಿ, ಕಿವಿಗೆ ಬಿದ್ದದ್ದನ್ನೆಲ್ಲ ಬರೆಸಿದ್ದನಂತೆ. ವೇಷಧಾರಿ ಬರುವುದು ತಡವಾದರೆ, ಆಟ ನಡೆಸಿಕೊಡುವ ಸಾರಥಿ ಏನನ್ನಾದರೂ ಆಡಿ ಜನರನ್ನು ಹಿಡಿದಿಡುವುದು ನಮ್ಮ ಕಡೆಯ ವಾಡಿಕೆ. ಅಂಥದೊಂದು ಬಿಡುವಿನಲ್ಲಿ ಸಾರಥಿ ಪರದೆಯತ್ತ ತಿರುಗಿ "ಏ ಪರಸ್ಯಾ, ಚಾ ಕಳಸೋ" ಎಂದದ್ದೂ ಅಚ್ಚಾಯಿತು.

ಮುಂದೆ ರಾಯಬಾಗದಲ್ಲಿ ಆ ಪುಸ್ತಕ ನೋಡಿ ಕಲಿತವರು ಆಟವಾಡಿದರು. ತುಂಬಿದ ಒಡ್ಡೋಲಗದಲ್ಲಿ ಸಾರಥಿ ರಾಜನಿಗೆ ಕೈಮುಗಿದು, ಬಲು ಭಕ್ತಿಯಿಂದ, ಪರಸ್ಯಾನಿಗೆ ಚಹಾ ಹೇಳಿದ. ನೋಡಲು ಹೋಗಿದ್ದ ಮಾಸ್ತರರು ಎದ್ದೇ ನಿಂತರು.

"ಲೇ, ಪರಸ್ಯಾ ನಮ್ಮೂರ ಚಾದಂಗಡಿಯಾಂವ! ನಿಮಗ ಎಲ್ಲಿಂದ ಬರತಾನ?"

"ಪುಸ್ತಕದಾಗ ಐತ್ರಿ ಮಾಸ್ತರ!"

ಇತ್ತೀಚೆಗೆ ಕಾಗವಾಡದ ಕಲಾವಿದರು ಆ ಆಟವನ್ನು ಶುದ್ಧವಾಗಿ ಅಚ್ಚುಹಾಕಿಸಲು ಹೊರಟು, ಯಾರ ಮಾತನ್ನೂ ಸುಲಭಕ್ಕೆ ನಂಬದವನೆಂದು ಪ್ರತಿಗಳನ್ನು ಹೋಲಿಸಿ ಪಾಠ ತಿದ್ದುವ ಕೆಲಸವನ್ನು ನನಗೊಪ್ಪಿಸಿದರು. ಮಗನನ್ನು ಕಳೆದುಕೊಂಡ ರಾಣಿಯ ಹಾಡು, ಅಥಣಿಯ ಕಡೆ ಹೆಣ್ಣುಮಕ್ಕಳು ಇಂದಿಗೂ ಕಸ ಕೀಳುತ್ತ ಹಾಡುವ ಹಾಡು, ಗುರುಗಳ ಕೈಬರಹದ ಪ್ರತಿಯಲ್ಲಿ ಇರಲೇ ಇಲ್ಲ. ಕಳ್ಳ ಪುಸ್ತಕದಲ್ಲಷ್ಟೇ ಇತ್ತು.

"ಗೀಟ ಹೊಡೀರಿ," ಎಂದರು ಮಾಸ್ತರರು. "ಗುರುಗಳದಲ್ಲ. ಅವರ ಆಟದಾಗ ಮಂದೀದು ಬ್ಯಾಡ."

"ಹಂಗಾದ್ರ ಯಾರದ್ರಿ?"

"ರಾಣಿ ವೇಷದಾಂವ ತಡಾ ಮಾಡಿರಬೇಕು. ಸಾರಥಿ ಏನೋ ಹಾಡಿರಬೇಕು."

"ಆವಾಗ ಸಾರಥಿ ಯಾರಿದ್ರು?"

"ಇವತ್ತ ಎಲಿಗೆ ಸುಣ್ಣ ಭಾಳ ಆತ್ ನೋಡ್ರಿ," ಎಂದು ಉಗುಳಲು ಎದ್ದು ಹೋದವರು ಮರಳಿ ಬರಲೇ ಇಲ್ಲ.

ಗುರುಗಳ ಆಟ ಕಲಬೆರಕೆಯಾಗಬಾರದೆಂದು ಅಷ್ಟು ಒಳ್ಳೆಯ ಹಾಡನ್ನು ಅಳಿಸಲು ಹೊರಟ ಹಟ ಅವರದು. ನನ್ನ ಹಟವೂ ಕಡಿಮೆಯದಲ್ಲ. ಹಾಡನ್ನು ಆಟದೊಳಗಿಂದ ತೆಗೆದು, ಪುಸ್ತಕದ ಕೊನೆಗೆ ಬೇರೆಯಾಗಿ ಇಟ್ಟೆ. 'ಕಟ್ಟಿದವರು' ಎಂದು ಬರೆದು ಮುಂದೆ ಜಾಗ ಬಿಟ್ಟೆ.

ಕರಡಚ್ಚು ಹಿಡಿದು ಹೋದಾಗ ಮಾಸ್ತರರು ಹಾಸಿಗೆ ಹಿಡಿದಿದ್ದರು. ಓದಿಹೇಳಲೆಂದು ಆ ಹಾಡಿನ ಹಾಳೆಯನ್ನು ಅವರ ಸೊಸೆಯ ಕೈಗೆ ಕೊಟ್ಟರೆ, ಆಕೆ ಹಾಳೆಯನ್ನು ನೋಡದೆಯೇ ಹಾಡತೊಡಗಿದಳು. ಮಾಸ್ತರರು ಕಣ್ಣು ತೆರೆದರು.

"ಸಾವಕಾಶ ಯವ್ವಾ. ರಾಣಿ ಖಾಲಿ ತೊಟ್ಟಿಲಾ ತೂಗಾಕತ್ತಾಳ."

ಯಾವ ಪ್ರತಿಯಲ್ಲೂ ತೊಟ್ಟಿಲ ಮಾತಿರಲಿಲ್ಲ. ನಾನು ಅವರ ಮುಖವನ್ನೇ ನೋಡಿದೆ. ಅವರು ಗೋಡೆಯತ್ತ ಹೊರಳಿದರು.

"ಹಾಡ ಇರ್ಲಿ ಬಿಡ್ರಿ," ಎಂದರು. "ಹೆಸರ ಬ್ಯಾಡ."

ಪುಸ್ತಕ ಬರುವಷ್ಟರಲ್ಲಿ ಅವರಿರಲಿಲ್ಲ. ಅಚ್ಚಿನಲ್ಲಿ ಆ ಜಾಗ ಖಾಲಿಯೇ ಇದೆ. ನನ್ನ ಪ್ರತಿಯಲ್ಲಿ ಮಾತ್ರ, ಅವರ ಅಪ್ಪಣೆಯಿಲ್ಲದೆ, ಪೆನ್ನಿನಿಂದ 'ಸತ್ತಿಯ ರಾಯಪ್ಪ' ಎಂದು ಬರೆದುಕೊಂಡಿದ್ದೇನೆ.