ಎರಡು ಪುಸ್ತಕಗಳಿಗೆ ಗಂಟು ಹಾಕಿದ ಕಾಂತಪ್ಪ

ಪರೇಲಿನ ಬಟ್ಟೆ ಮಿಲ್ಲಿನಲ್ಲಿ ಹರಿದ ನೂಲಿಗೆ ಗಂಟು ಹಾಕುವುದು ಕಾಂತಪ್ಪನ ಕೆಲಸ. ಇಪ್ಪತ್ತೆಂಟು ವರ್ಷ ಅದೊಂದನ್ನೇ ಮಾಡಿದ ಬೆರಳುಗಳಿಗೆ ಬಿಡಿಬಿಡಿಯಾಗಿರುವ ಯಾವುದನ್ನೂ ಸಹಿಸಲಾಗುತ್ತಿರಲಿಲ್ಲ. ಕೊಡೆಯನ್ನು ಚೀಲಕ್ಕೆ, ಚೀಲವನ್ನು ಅಂಗಿಯ ಗುಂಡಿಗೆ ಕಟ್ಟಿಕೊಂಡೇ ಲೋಕಲ್ ರೈಲು ಹತ್ತುತ್ತಿದ್ದ. ಒಮ್ಮೆ ಪಕ್ಕದವನ ಡಬ್ಬಿಯನ್ನೂ ಕಟ್ಟಿಕೊಂಡು ದಾದರಿನಲ್ಲಿ ಇಳಿದ. ಡಬ್ಬಿಯ ಹಿಂದೆಯೇ ಅದರ ಯಜಮಾನನೂ ಬೈಯುತ್ತ ಇಳಿದ.

"ನನ್ನ ಸೆರಗ ಒಂದ್ ಬಿಟ್ಟೀರಿ, ಪುಣ್ಯಾ," ಎನ್ನುತ್ತಿದ್ದಳು ಹೆಂಡತಿ ಸೇವಂತಿ.

೧೯೮೬ರಲ್ಲಿ ಅವನ ಕಣ್ಣು ಮಂಜಾಯಿತು. ಸಣ್ಣ ನೂಲು ಕಾಣದಾಯಿತು. ತಿಂಗಳೊಳಗೆ ಬೇರೆ ಯಾವ ಕೆಲಸಕ್ಕೂ ಒದಗದಿದ್ದರೆ ಊರಿಗೆ ಹೋಗಬೇಕೆಂದು ಮ್ಯಾನೇಜರ್ ಸತ್ಯಮೂರ್ತಿ ಹೇಳಿಬಿಟ್ಟರು.

ಆಗಲೇ ಹೊಸ ಮಗ್ಗ ಬಂತು, ಜೊತೆಗೆ ತೊಂಬತ್ತು ಪುಟಗಳ ಇಂಗ್ಲಿಷ್ ಕೈಪಿಡಿ. ಮಗ್ಗದ ಶೆಡ್ಡಿನಲ್ಲಿ ಇಂಗ್ಲಿಷ್ ಬಾರದ ಬಾಗಲಕೋಟೆ ಕಡೆಯವರೇ ಹೆಚ್ಚು. ಆಫೀಸಿನ ಟೈಪಿಸ್ಟ್, ಮೈಸೂರಿನ ಸುಬ್ಬಲಕ್ಷ್ಮಿ, ಅದನ್ನು ಕನ್ನಡಕ್ಕೆ ತಂದು ಚಿತ್ರಗಳ ನಕಲು ಅಂಟಿಸಿದರು. ಕನ್ನಡ ಧಾರಾಳ ಭಾಷೆ. ತೊಂಬತ್ತು ಪುಟ ನೂರ ಮೂವತ್ತಾಯಿತು.

ಮಗ್ಗ ಕೆಟ್ಟು ನಿಂತಾಗ ಮಗ್ಗದ ಕಂಪನಿಯ ಇಂಜಿನಿಯರು ದಹಿಸರಿನಿಂದ ಫೋನಿನಲ್ಲಿ, "ನಲವತ್ತನೇ ಪುಟ ನೋಡಿ," ಎಂದರು. ಅವರ ಕೈಯಲ್ಲಿದ್ದದ್ದು ಇಂಗ್ಲಿಷಿನದು. ಕನ್ನಡದ ನಲವತ್ತರಲ್ಲಿ ಮಗ್ಗವನ್ನು ಲಾರಿಯಿಂದ ಇಳಿಸುವ ಕ್ರಮವಿತ್ತು. ಹನ್ನೆರಡು ಮಂದಿ ಶ್ರದ್ಧೆಯಿಂದ ಹಗ್ಗ ಬಿಗಿದು ಮಗ್ಗವನ್ನು ಎತ್ತಿ ಹಿಡಿದು ನಿಂತರು, ಮುಂದೇನು ಎಂದು ತಿಳಿಯದೆ.

"ಎರಡೂ ಪುಸ್ತಕ ನಾ ಜೋಡಸ್ತೀನ್ರಿ," ಎಂದ ಕಾಂತಪ್ಪ.

ಓದುಬರಹ ಬಾರದವನು ಚಿತ್ರ ನೋಡಿದ. ಇಂಗ್ಲಿಷಿನ ಪ್ರತಿ ಪುಟಕ್ಕೂ ಸೂಜಿಯಿಂದ ದಪ್ಪ ದಾರ ಪೋಣಿಸಿ, ಅದೇ ಚಿತ್ರವಿದ್ದ ಕನ್ನಡದ ಪುಟಕ್ಕೆ ಕಟ್ಟಿದ. ಇಂಜಿನಿಯರು ಹೇಳಿದ ಪುಟದ ದಾರ ಎಳೆದರೆ ಸಾಕು, ಕನ್ನಡದ ಪುಟ ನಿದ್ದೆಯಿಂದೆದ್ದವರಂತೆ ಏಳುತ್ತಿತ್ತು. ಕೆಲವೊಮ್ಮೆ ಅದರ ಸಂಸಾರವೂ ಏಳುತ್ತಿತ್ತು.

ತಿಂಗಳ ಕೊನೆಯಲ್ಲಿ ಸತ್ಯಮೂರ್ತಿ ನೋಡಲು ಬಂದರು. "ಪುಸ್ತಕವೋ, ಮೀನಿನ ಬಲೆಯೋ? ಸುಬ್ಬಲಕ್ಷ್ಮಿ, ಅಂಚಿನಲ್ಲಿ ಪೆನ್ಸಿಲಿಂದ ಪುಟದ ನಂಬರ್ ಬರೀರಿ. ಅರ್ಧ ದಿನದ ಕೆಲಸ. ದಾರ ಕತ್ತರಿಸಿಹಾಕಿ."

"ಹಂಗಾರ ನಾನ್ರಿ, ಸಾಹೇಬ್ರ?"

"ಊರಲ್ಲಿ ಆರಾಮಾಗಿರಪ್ಪ."

ಸುಬ್ಬಲಕ್ಷ್ಮಿ ಕತ್ತರಿ ಹಿಡಿದು ಕೂತರು. ಒಂದೊಂದು ನಂಬರ್ ಬರೆದು ಒಂದೊಂದು ದಾರ ಕತ್ತರಿಸುತ್ತ ಇಂಗ್ಲಿಷಿನ ಐವತ್ತೆರಡಕ್ಕೆ ಬಂದರು. ಅದು ಬ್ರೇಕಿನ ಪುಟ. ದಾರ ಕನ್ನಡದ ಎಂಬತ್ತೊಂದಕ್ಕೆ ಹೋಗಿತ್ತು.

"ಇಲ್ಲಿ ತಪ್ಪಿದ್ದೀರಿ, ಕಾಂತಪ್ಪ. ಬ್ರೇಕಿನ ವಿಷಯ ಎಪ್ಪತ್ನಾಲ್ಕರಲ್ಲಿದೆ."

"ವಿಷಯ ನಿಮಗ್ ಗೊತ್ತರಿ, ಬಾಯಾರ. ಬ್ರೇಕಿನ ಚಿತ್ರ ಮಾತ್ರ ಇಲ್ಲೈತಿ. ನೀವು ಹೇಳೋ ಪುಟದಾಗ ಎಣ್ಣಿ ಡಬ್ಬಿ ಕುಂತೈತಿ."

ಸುಬ್ಬಲಕ್ಷ್ಮಿ ನೋಡಿದರು. ಎರಡು ಚಿತ್ರಗಳನ್ನು ಅದಲುಬದಲಾಗಿ ಅಂಟಿಸಿದ್ದು ಅವರೇ. ಪೆನ್ಸಿಲಿನ ನಂಬರ್ ನಂಬಿ ಹೋದವನು ಬ್ರೇಕಿನ ಪಾಠದ ಪಕ್ಕ ಎಣ್ಣೆ ಡಬ್ಬಿ ಕಂಡು ಬ್ರೇಕಿಗೆ ಧಾರಾಳವಾಗಿ ಎಣ್ಣೆ ಹೊಯ್ಯುತ್ತಿದ್ದ. ಆಮೇಲೆ ಮಗ್ಗ ನಿಲ್ಲುತ್ತಿರಲಿಲ್ಲ.

ಚಿತ್ರಗಳನ್ನು ಕಿತ್ತು ಸದ್ದಿಲ್ಲದೆ ಸರಿಯಾಗಿ ಅಂಟಿಸಬಹುದಿತ್ತು. ಎದುರಿಗಿದ್ದವನಿಗೆ ಓದಲು ಬಾರದು. ಸುಬ್ಬಲಕ್ಷ್ಮಿ ಗೋಂದಿನ ಬಾಟಲಿಯ ಮುಚ್ಚಳ ತೆರೆದರು, ಮುಚ್ಚಿದರು. ಎರಡೂ ಪುಸ್ತಕಗಳನ್ನು ಉಳಿದ ದಾರಗಳ ಸಮೇತ ಹೊತ್ತು, ಕಾಂತಪ್ಪನನ್ನೂ ಕರೆದುಕೊಂಡು ಮ್ಯಾನೇಜರ ಕೋಣೆಗೆ ನಡೆದರು.

"ತಪ್ಪು ನಂದು, ಸಾರ್. ಹಿಡಿದದ್ದು ಇವರು. ಬೇರೆ ಮಷೀನುಗಳ ಹನ್ನೊಂದು ಕೈಪಿಡಿ ಇನ್ನೂ ಕನ್ನಡಕ್ಕೆ ಬರಬೇಕು. ಇವರು ಚಿತ್ರ ನೋಡದೆ ನಾನು ಒಂದನ್ನೂ ಶೆಡ್ಡಿಗೆ ಕಳಿಸೋಲ್ಲ."

ಸತ್ಯಮೂರ್ತಿ ಸುಬ್ಬಲಕ್ಷ್ಮಿಯನ್ನು ನೋಡಿದರು, ಎಣ್ಣೆ ಡಬ್ಬಿಯ ಚಿತ್ರ ನೋಡಿದರು. "ಇರಲಿ ಮಾರಾಯ," ಎಂದರು ಕಾಂತಪ್ಪನಿಗೆ. "ಸೂಜಿ ಮಾತ್ರ ತರಬೇಡ."

ಸೋಮವಾರ ಟೈಪ್‌ರೈಟರಿನ ಪಕ್ಕ ಒಂದು ಸ್ಟೂಲು ಬಂತು. ಸುಬ್ಬಲಕ್ಷ್ಮಿ ಮೊದಲ ಹಾಳೆ ಅಂಟಿಸಿ ಮುಂದಿಟ್ಟರು. ಕಾಂತಪ್ಪ ಬಹಳ ಹೊತ್ತು ನೋಡಿ, ಮೆಲ್ಲಗೆ ಕೆಮ್ಮಿದ.

"ಬಾಯಾರ, ಮಷೀನು ಶೀರ್ಷಾಸನ ಹಾಕೈತ್ರಿ."