ವಿನುತಾ ಕೇಳುತ್ತಿದ್ದ ಪ್ರಶ್ನೆಗಳು

ವಿನುತಾ ಮನೆಗೆ ಬಂದಳೆಂದರೆ ನನ್ನ ಎದೆ ಡವಡವ ಅನ್ನುತ್ತಿತ್ತು. ಅವಳೇನು ಗಯ್ಯಾಳಿಯಲ್ಲ, ಮಾತು ಮೆತ್ತಗೆ. ಚಪ್ಪಲಿ ಬೀದಿಯಲ್ಲೇ ಬಿಟ್ಟು, ಹೊಸಿಲ ಹತ್ತಿರ ಕೂತು, ಮೊದಲು ಒಂದು ಲೋಟ ನೀರು ಕೇಳುವಳು. ಆಮೇಲೆ ಪ್ರಶ್ನೆ. ಆ ಪ್ರಶ್ನೆಗಳಿಗೇ ನಾನು ಹೆದರುತ್ತಿದ್ದುದು.

ನಮಗೆ ದಿನಾ ತಪ್ಪದೆ ವರ್ತನೆ ಹೂವು ಕೊಡುತ್ತಿದ್ದ ಮುನಿಗಂಗಮ್ಮನ ಮಗಳು ಅವಳು. ಚಾಮರಾಜಪೇಟೆಯ ನಮ್ಮ ವಠಾರದ ಬಾಗಿಲಲ್ಲಿ ತಾಯಿಯ ಜೊತೆ ಕೂತು ಕನಕಾಂಬರ ಕಟ್ಟುತ್ತ ಬೆಳೆದವಳು. ಪಿಯುಸಿ ಮುಗಿಸಿ ಹೆಂಗಸರ ಸಂಸ್ಥೆಯೊಂದರಲ್ಲಿ ಸರ್ವೆ ಕೆಲಸಕ್ಕೆ ಸೇರಿದಳು. ಮದುವೆಯ ಹೆಸರಲ್ಲಿ ಮೋಸಹೋದ ಹೆಣ್ಣುಮಕ್ಕಳನ್ನು ಹುಡುಕಿ, ಏನಾಯಿತು, ಹೇಗಾಯಿತು ಎಂದು ಕೇಳಿ ಬರುವ ಕೆಲಸ. ಎಷ್ಟೋ ಮನೆಗಳಲ್ಲಿ ಮುಖದ ಮೇಲೇ ಬಾಗಿಲು ಹಾಕುತ್ತಿದ್ದರು. ಮನೆಮುರುಕಿ ಎಂದು ಬೈದವರೂ ಉಂಟು.

"ನಿಮಗೆ ಮೋಸ ಆಯ್ತಾ ಅಂದ್ರೆ ಯಾರೂ ಬಾಯಿ ಬಿಡಲ್ಲ ಅಮ್ಮಾವ್ರೇ," ಎಂದು ನಗುತ್ತಿದ್ದಳು. "ನಿಮ್ಮ ಕಡೆ ಯಾರಿಗಾದ್ರೂ ಹಿಂಗಾಗಿತ್ತಾ ಅಂತ ಕೇಳ್ಬೇಕು. ಆಗ ನಾದಿನಿ, ಚಿಕ್ಕಮ್ಮನ ಮಗಳು ಅಂದ್ಕೊಂಡು ತಮ್ಮ ಕಥೇನೇ ಹೇಳ್ತಾರೆ."

ತೊಂಬತ್ತೆಂಟನೇ ಇಸವಿಯಲ್ಲಿ ನನ್ನ ಮಗಳು ವೈಜಯಂತಿಗೆ ಗಂಡು ಗೊತ್ತಾಯಿತು. ಅವಳಿಗೆ ಆಗಲೇ ಇಪ್ಪತ್ತೊಂಬತ್ತು. ನಮ್ಮ ಯಜಮಾನರು ಹೋದ ಮೇಲೆ ಬಂದ ಸಂಬಂಧಗಳೆಲ್ಲ ಉಪ್ಪಿಟ್ಟು ಕೇಸರಿಬಾತು ತಿಂದು, ತಿಳಿಸ್ತೀವಿ ಎಂದು ಎದ್ದುಹೋದವೇ. ಇದನ್ನು ತಂದವರು ಶ್ರೀನಿವಾಸಯ್ಯ ಎಂಬ ಮದುವೆ ಬ್ರೋಕರು. ಹುಡುಗನಿಗೆ ಮುಂಬೈಯಲ್ಲಿ ಕೆಲಸವಂತೆ, ಹೆತ್ತವರು ಕುಮಾರ ಪಾರ್ಕಿನಲ್ಲಿ. ಗೋತ್ರ ನೋಡಿದೆವು, ಜಾತಕ ಕೂಡಿತು. ಕುಮಾರ ಪಾರ್ಕಿನ ಮನೆಗೂ ಒಂದು ಸಂಜೆ ಹೋಗಿ ಬಂದೆವು. ಹುಡುಗನ ತಾಯಿ ಬಾಯಿ ತುಂಬ ಮಾತಾಡಿದರು. ಮಗನಿಗೆ ರಜ ಸಿಗುವುದಿಲ್ಲ, ಆಷಾಢ ಬರುವ ಮುಂಚೆ ಮುಗಿಸಿಬಿಡೋಣ ಎಂದರು.

ಆ ಸಂತೋಷದಲ್ಲೇ ವಿನುತಾಳ ಮುಂದೆ ಎಲ್ಲ ಹೇಳಿಕೊಂಡೆ. ಅವಳು ಕುಡಿಯುತ್ತಿದ್ದ ಲೋಟ ಕೆಳಗಿಟ್ಟಳು.

"ಆ ಮನೇಗೆ ಹೂವು ಯಾರು ಕೊಡ್ತಾರೆ ಅಮ್ಮಾವ್ರೇ?"

"ನನಗೇನೇ ಗೊತ್ತು?"

"ಹಾಲು? ಬಟ್ಟೆ ಇಸ್ತ್ರಿಗೆ ಎಲ್ಲಿ ಕೊಡ್ತಾರೆ?"

"ಚೆನ್ನಾಗಿದೆ! ಬೀಗರಾಗೋರ ವಿಚಾರಾನ ಇಸ್ತ್ರಿಯವನ ಹತ್ರ ಕೇಳೋದೇನೇ? ಅವರ ಕಿವಿಗೆ ಬಿದ್ರೆ ಏನಂದ್ಕೋತಾರೆ?"

"ಮೋಸಹೋದೋರೆಲ್ಲರೂ ಇದೇ ಮಾತು ಹೇಳಿದ್ದು," ಎಂದಳು.

ಅವಳು ಕಂಡ ಹೆಣ್ಣುಮಕ್ಕಳ ಜಾತಿ ಬೇರೆ, ಬೀದಿ ಬೇರೆ, ಬ್ರೋಕರ ಹೆಸರೂ ಬೇರೆ. ಆದರೆ ಕಥೆ ಮಾತ್ರ ಒಂದೇ ಅಚ್ಚು. ಗಂಡಿನ ಮನೆ ನೋಡಿದ್ದು ಒಂದೇ ಸಲ. ಜಾತಕ ನೋಡಿದವರು ಬೀದಿಯಲ್ಲಿ ಒಂದು ಮಾತು ಕೇಳಲಿಲ್ಲ, ಮರ್ಯಾದೆ ಅಡ್ಡ ಬಂತು. ಮದುವೆಯಾದ ವಾರದೊಳಗೆ ಒಡವೆ ಲಾಕರಿಗೆ ಇಡುತ್ತೇನೆಂದು ಹೋದ ಗಂಡ ತಿರುಗಿ ಬರಲಿಲ್ಲ. ಹುಡುಕಿಕೊಂಡು ಹೋದರೆ ಮನೆಗೆ ಬೀಗ.

"ಮನೆ ಬಾಡಿಗೆಗೆ ಸಿಗತ್ತೆ. ಅಪ್ಪ ಅಮ್ಮನೂ ಬಾಡಿಗೆಗೆ ಸಿಗ್ತಾರೆ ಅಮ್ಮಾವ್ರೇ. ವರ್ತನೆ ಹೂವಿನವಳು ಸಿಗಲ್ಲ."

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ವಿಚಾರಿಸಲು ಹೋಗಿ ಒಳ್ಳೆಯ ಸಂಬಂಧವೇ ಮುರಿದುಬಿದ್ದರೆ? ವಿಚಾರಿಸದೆ ಮಗಳನ್ನು ಕೊಟ್ಟುಬಿಟ್ಟರೆ? ವೈಜಯಂತಿ ಹೊಸ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತ ಕೂತಿರುತ್ತಿದ್ದಳು. ಅವಳ ಮುಖ ನೋಡಲು ಧೈರ್ಯ ಬಾರದೆ ಅಡಿಗೆಮನೆ ಸೇರಿಕೊಳ್ಳುತ್ತಿದ್ದೆ. ಕೊನೆಗೆ ದೇವಸ್ಥಾನಕ್ಕೆಂದು ಸುಳ್ಳು ಹೇಳಿ ವಿನುತಾಳ ಜೊತೆ ಬಸ್ಸು ಹತ್ತಿದೆ.

ಕುಮಾರ ಪಾರ್ಕಿನ ಆ ಬೀದಿಯ ಮೂಲೆಯಲ್ಲಿ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ. "ಆ ಮನೇನಾ? ಅಲ್ಲಿ ಯಾರಿದಾರಮ್ಮ! ಓನರ್ರು ದೆಹಲೀಲಿ. ವಾಚ್‌ಮನ್ ಒಬ್ಬ ಇದಾನೆ," ಎಂದ ಇಸ್ತ್ರಿಯವನು. "ಆಗಾಗ ಯಾರೋ ಬರ್ತಾರೆ, ತಿಂಡಿ ತಿಂದು ಹೋಗ್ತಾರೆ. ಮೊನ್ನೆ ಹೆಣ್ಣಿನ ಕಡೆಯೋರು ಬಂದಿದ್ರು. ಮಲ್ಲೇಶ್ವರಕ್ಕೆ ಆಟೋ ಸಿಗತ್ತಾ ಅಂತ ನನ್ನೇ ಕೇಳಿದ್ರು."

ನಾವು ಮಲ್ಲೇಶ್ವರದವರಲ್ಲ. ನಮ್ಮ ಹಾಗೇ ಇನ್ನೊಂದು ಹೆಣ್ಣಿನ ಮನೆಯವರೂ ಅಲ್ಲಿ ತಿಂಡಿ ತಿಂದು ಹೋಗಿದ್ದರು.

ಸಂಬಂಧ ಬೇಡವೆಂದು ಹೇಳಿ ಕಳಿಸಿದ ಮರುದಿನವೇ ಶ್ರೀನಿವಾಸಯ್ಯ ಬಂದರು. ಕೂಗಾಡಲಿಲ್ಲ. ಕುರ್ಚಿಯಲ್ಲಿ ಆರಾಮಾಗಿ ಕೂತು ಎಲೆಗೆ ಸುಣ್ಣ ಸವರಿದರು.

"ತುಳಸಮ್ಮನವರೇ, ಹೆಣ್ಣಿನಲ್ಲೇ ಏನೋ ಐಬು ಅಂತ ಜನ ಮಾತಾಡ್ಕೊಂಡ್ರೆ ನನ್ನ ಕೇಳ್ಬೇಡಿ. ಹಾಂ, ನಿಮ್ಮ ಜೊತೆ ಇಸ್ತ್ರಿ ಗಾಡಿ ಹತ್ರ ನಿಂತಿದ್ದಳಂತಲ್ಲ, ಆ ಹೂವಿನವಳ ಮಗಳಿಗೂ ಒಂದ್ಮಾತು ಹೇಳಿ. ಪಾಪ, ಕತ್ತಲಾದ ಮೇಲೆ ಒಬ್ಬಳೇ ಓಡಾಡ್ತಾಳೆ."

ಅವರು ಹೋದ ಕೂಡಲೇ ಬಾಗಿಲಿಗೆ ಅಗುಳಿ ಹಾಕಿದೆ. ವಿನುತಾಗೆ ಹೇಳಿದೆ, ಈ ಕೆಲಸ ಬಿಟ್ಟುಬಿಡೇ ತಾಯಿ ಎಂದು ಬೇಡಿಕೊಂಡೆ. ಅವಳಿಗೂ ಭಯವಿತ್ತು. ಸಂಜೆಯಾದರೆ ತಾಯಿಯನ್ನು ಕರೆದುಕೊಂಡೇ ಓಡಾಡತೊಡಗಿದ್ದಳು. ಆದರೂ ಬಿಡಲಿಲ್ಲ. ಮದುವೆ ಮನೆಯವರು ಹೂವಿಗೆ ಮೊದಲೇ ಹೇಳಿಡಬೇಕಲ್ಲ, ಕುಮಾರ ಪಾರ್ಕಿನ ಗಂಡು ಯಾರ ಮನೆಗೆ ಎಂದು ಮಲ್ಲೇಶ್ವರದ ಹೂವಿನವರನ್ನೆಲ್ಲ ವಿಚಾರಿಸಿ ಆ ಇನ್ನೊಂದು ಮನೆಯನ್ನು ಪತ್ತೆ ಮಾಡಿದಳು.

"ನೀವು ಬರ್ಬೇಕು ಅಮ್ಮಾವ್ರೇ. ಸ್ಟೇಷನ್ನಿಗೆ ಹೋದ್ರೆ, ಮದುವೇನೇ ಆಗಿಲ್ವಲ್ಲ, ಮೋಸ ಎಲ್ಲಿ ಅಂತಾರೆ. ನಾನು ಹೇಳಿದ್ರೆ ಸರ್ವೆಯವಳು ಅಂತ ಬಾಗಿಲು ಹಾಕ್ತಾರೆ. ಹೆತ್ತವಳು ಹೇಳಿದ್ರೆ ಕೇಳ್ತಾರೆ."

"ನನ್ನ ಮಗಳ ಹೆಸರು ಬೀದಿಗೆ ಬರಲ್ವೇನೇ?"

ಒಳಗಿದ್ದ ವೈಜಯಂತಿ ಹೊರಗೆ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. "ಹೋಗಿ ಬಾಮ್ಮ. ನನ್ನ ಹೆಸರು ಹಿಡಿದೇ ಹೇಳು," ಎಂದಳು.

ಮಲ್ಲೇಶ್ವರದ ಮನೆಯ ಮುಂದೆ ಚಪ್ಪರಕ್ಕೆ ಬೊಂಬು ತಂದು ಹಾಕಿದ್ದರು. ಹುಡುಗಿಯ ತಾಯಿ ಕಮಲಮ್ಮ ನನ್ನ ಮಾತು ಅರ್ಧಕ್ಕೇ ತಡೆದರು.

"ನಿಮ್ಮ ಮಗಳಿಗೆ ತಪ್ಪಿದ ಗಂಡು ನಮ್ಮವಳಿಗೆ ಸಿಕ್ತಲ್ಲ ಅಂತ ಹೊಟ್ಟೆಕಿಚ್ಚೇನ್ರೀ?"

ಎದ್ದುಹೋಗಬೇಕೆನ್ನಿಸಿತು. ವಿನುತಾ ಏಳಲಿಲ್ಲ, ಅದಕ್ಕೇ ನಾನೂ ಏಳಲಿಲ್ಲ. ಕುಮಾರ ಪಾರ್ಕಿನ ಮನೆಯ ಒಳಗನ್ನು ಕಂಡದ್ದು ಕಂಡ ಹಾಗೆ ಹೇಳುತ್ತ ಹೋದೆ: ಎಲ್ಲಿ ಯಾವ ಪಟ, ಆ ತಾಯಿ ಯಾವ ಮಾತಿಗೆ ನಕ್ಕರು, ತಿಂಡಿಗೆ ಏನು ಕೊಟ್ಟರು. ಕಮಲಮ್ಮನ ಮುಖ ಬಿಳುಚಿಕೊಳ್ಳುತ್ತ ಬಂತು. ಆದರೂ "ಈಗ ಹೇಗ್ರೀ ನಿಲ್ಸೋದು, ಎಲ್ಲರಿಗೂ ಹೇಳಾಗಿದೆ," ಎಂದರು.

ಬಾಗಿಲ ಮರೆಯಲ್ಲಿ ನಿಂತಿದ್ದ ಮದುವಣಗಿತ್ತಿ ಚಪ್ಪಲಿ ಮೆಟ್ಟಿಕೊಂಡು ಬಂದಳು. "ನಾನು ಇವರ ಜೊತೆ ಹೋಗಿ ಆ ಬೀದೀಲೇ ಕೇಳ್ಕೊಂಡು ಬರ್ತೀನಮ್ಮ," ಎಂದಳು.

ಮೂವರೂ ಹೊರಗೆ ಬಂದೆವು. ಎದುರು ಪಕ್ಕದ ಅಂಗಡಿಯ ನೆರಳಲ್ಲಿ ಶ್ರೀನಿವಾಸಯ್ಯ ಎಲೆಯಡಿಕೆ ಜಗಿಯುತ್ತ ನಮ್ಮನ್ನೇ ನೋಡುತ್ತ ನಿಂತಿದ್ದರು. ವಿನುತಾಳೂ ಅವರನ್ನು ನೋಡಿದಳು. ಅವಳು ಕೈಯೆತ್ತಿ ಆಟೋ ನಿಲ್ಲಿಸಿದಳು, ಆ ಹುಡುಗಿಯನ್ನು ಮೊದಲು ಹತ್ತಿಸಿದಳು, ಶ್ರೀನಿವಾಸಯ್ಯನವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು:

"ಕುಮಾರ ಪಾರ್ಕಿಗೆ ನಡೀರಿ."